ಎರಡೂ ಕೈ ಒಟ್ಟಿಗೆ ಮುಟ್ಟಿದರೆ ಅಮ್ಮನಿಗೆ ಎಡಗೈ ಗೊತ್ತಾಗುತ್ತಿಲ್ಲ. ಯಾಕೆ?

ಶರಾವತಿ ತೀರ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಕಳೆದ ತಿಂಗಳು ಸ್ಟ್ರೋಕ್ ಆಯಿತು. ಮೆದುಳಿನ ಬಲಗಡೆ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಈಗ ಮನೆಗೆ ಬಂದಿದ್ದಾರೆ. ಮಾತು ಚೆನ್ನಾಗಿದೆ. ಎಡಗಾಲು ಸ್ವಲ್ಪ ಎಳೆಯುತ್ತಾರೆ, ಗೋಡೆ ಹಿಡಿದು ನಡೆಯುತ್ತಾರೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಒಂದು ಪರೀಕ್ಷೆ ಮಾಡಿದರು. ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ಎಡಗೈ ಮೇಲೆ ಮೆಲ್ಲಗೆ ಬೆರಳಿಟ್ಟರು. "ಎಡಗೈ" ಅಂದರು ಅಮ್ಮ. ಬಲಗೈ ಮುಟ್ಟಿದಾಗ "ಬಲಗೈ" ಅಂದರು. ಆಮೇಲೆ ಎರಡನ್ನೂ ಒಂದೇ ಸಲಕ್ಕೆ ಮುಟ್ಟಿದರು. ಅಮ್ಮ "ಬಲಗೈ" ಅಂದರು, ಅಷ್ಟೇ. ಮತ್ತೆ ಮತ್ತೆ ಕೇಳಿದರೂ ಅದೇ ಉತ್ತರ. ಮನೆಗೆ ಬಂದ ಮೇಲೆ ನಾನು ಮಾಡಿ ನೋಡಿದೆ, ಹಾಗೇ ಆಗುತ್ತಿದೆ.

ಇನ್ನೊಂದು ವಿಷಯ. ಅಮ್ಮನಿಗೆ ಉಪ್ಪಿನಕಾಯಿ ಅಂದರೆ ಪ್ರಾಣ. ಮೊನ್ನೆ ಎಲೆಯ ಎಡತುದಿಯಲ್ಲಿ ಬಡಿಸಿದ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಹಾಗೇ ಇತ್ತು. ಬಲಗಡೆಯ ಪಲ್ಯ ಖಾಲಿ. "ಉಪ್ಪಿನಕಾಯಿ ಹಾಕಲೇ ಇಲ್ಲವಲ್ಲೇ" ಅಂತ ನನ್ನನ್ನೇ ಕೇಳಿದರು.

ಎಡಗೈಯ ಸ್ಪರ್ಶ ಬಲ ಮೆದುಳಿಗೆ ಹೋಗುತ್ತದೆ ಅಂತ ಸ್ಕೂಲಿನಲ್ಲಿ ಓದಿದ್ದೇವೆ. ಒಂಟಿಯಾಗಿ ಮುಟ್ಟಿದರೆ ಗೊತ್ತಾಗುತ್ತದೆ ಅಂದರೆ ದಾರಿ ಸರಿಯಾಗೇ ಇದೆ ಅಲ್ವಾ? ಬಲಗೈಯನ್ನೂ ಜೊತೆಗೆ ಮುಟ್ಟಿದ ತಕ್ಷಣ ಎಡಗೈ ಎಲ್ಲಿಗೆ ಹೋಗುತ್ತದೆ? ಆಸ್ಪತ್ರೆಯಲ್ಲಿ ಜನ ಜಾಸ್ತಿ, ಕೂತು ಕೇಳಲು ಆಗಲಿಲ್ಲ.

ಹುಬ್ಬಳ್ಳಿ ಫಿಸಿಯೋ:
ಮೇಡಂ, ನೀವು ಬರೆದದ್ದು ಎಷ್ಟು ಸ್ಪಷ್ಟವಾಗಿದೆ ಅಂದರೆ ನಮ್ಮ ಸ್ಟೂಡೆಂಟ್‌ಗಳಿಗೆ ಓದಿಸಬಹುದು. ಮೊದಲನೆಯದಕ್ಕೆ ಎಕ್ಸ್‌ಟಿಂಕ್ಷನ್ ಅಂತ ಕರೆಯುತ್ತೇವೆ. ಎಲೆಯ ಎಡಭಾಗ ಬಿಟ್ಟುಹೋಗುವುದಕ್ಕೆ ನೆಗ್ಲೆಕ್ಟ್ ಅಂತಾರೆ. ಎರಡೂ ಹೆಚ್ಚಾಗಿ ಬಲ ಮೆದುಳಿಗೆ ಪೆಟ್ಟಾದಾಗಲೇ ಕಾಣುತ್ತವೆ. ಎಷ್ಟೋ ಸಲ ಜೊತೆಜೊತೆಗೇ ಇರುತ್ತವೆ.

ದಯವಿಟ್ಟು ಮನೆಯವರಿಗೆಲ್ಲ ಒಂದು ಮಾತು ಹೇಳಿ. ಅಮ್ಮ ಹಟ ಮಾಡುತ್ತಿಲ್ಲ, ಮರೆವೂ ಅಲ್ಲ. ಎಡಗಡೆ ಅನ್ನುವುದು ಅವರ ಗಮನಕ್ಕೇ ಬರುತ್ತಿಲ್ಲ. ಇದನ್ನು ತಿಳಿಯದೆ ಮನೆಯವರು ಗದರುವುದನ್ನು ನಾನು ತುಂಬಾ ನೋಡಿದ್ದೇನೆ, ಸಂಕಟವಾಗುತ್ತದೆ. ಕಣ್ಣಿನ ಡಾಕ್ಟರ್ ಹತ್ತಿರ ಎಡಗಡೆಯ ನೋಟವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಅದು ಬೇರೆ ತೊಂದರೆ, ಆದರೆ ಒಟ್ಟಿಗೆ ಬರಬಹುದು.

ಮುಖ್ಯವಾಗಿ, ಎಡಗೈಯನ್ನು ಬಿಸಿಯಿಂದ ಕಾಪಾಡಿ. ಒಲೆ, ಕುಕ್ಕರ್, ಸ್ನಾನದ ನೀರು. ನೀರಿನ ಬಿಸಿಯನ್ನು ಬಲಗೈಯಲ್ಲೇ ನೋಡಲಿ, ಅಥವಾ ನೀವೇ ನೋಡಿ.

ಮೂರನೇ ವರ್ಷ ಎಂಬಿಬಿಎಸ್:
ದಾರಿಯ ಬಗ್ಗೆ ನಾನು ಬರೆಯುತ್ತೇನೆ, ಈಗಷ್ಟೇ ಓದಿದ್ದೇನೆ.

"ಎಡಗೈ ಬಲ ಮೆದುಳಿಗೆ" ಅನ್ನುವುದು ಸರಿ. ಆದರೆ ಎಲ್ಲ ಸುದ್ದಿಯೂ ಒಂದೇ ಜಾಗದಲ್ಲಿ ಆ ಕಡೆಗೆ ದಾಟುವುದಿಲ್ಲ. ಮೆತ್ತಗೆ ಮುಟ್ಟಿದ್ದು, ಕಂಪನ, ಬೆರಳು ಮಡಿಸಿದೆಯಾ ಬಿಡಿಸಿದೆಯಾ ಅನ್ನುವ ಅರಿವು, ಇವೆಲ್ಲ ಬೆನ್ನುಹುರಿಯಲ್ಲಿ ಅದೇ ಕಡೆಯಲ್ಲೇ ಮೇಲೆ ಹೋಗುತ್ತವೆ. ಬೆನ್ನುಹುರಿ ಮೆದುಳಿಗೆ ಸೇರುವ ಮೆಡುಲಾದಲ್ಲಿ ಇನ್ನೊಂದು ಕಡೆಗೆ ದಾಟುತ್ತವೆ. ನೋವು ಮತ್ತು ಬಿಸಿ-ತಣ್ಣನೆ ಹಾಗಲ್ಲ. ಅವು ಬೆನ್ನುಹುರಿಗೆ ಬಂದ ಸ್ವಲ್ಪದರಲ್ಲೇ ದಾಟಿಬಿಡುತ್ತವೆ. ಹಾಗಾಗಿ ಬೆನ್ನುಹುರಿಯ ಬಲ ಅರ್ಧಕ್ಕೆ ಮಾತ್ರ ಪೆಟ್ಟಾದರೆ, ಅದರ ಕೆಳಗೆ ಬಲಗಾಲಿನಲ್ಲಿ ಕಂಪನ ಗೊತ್ತಾಗುವುದಿಲ್ಲ, ಎಡಗಾಲಿನಲ್ಲಿ ಸೂಜಿ ಚುಚ್ಚಿದ್ದು ಗೊತ್ತಾಗುವುದಿಲ್ಲ. ಇದಕ್ಕೆ ಬ್ರೌನ್-ಸೆಕಾರ್ಡ್ ಸಿಂಡ್ರೋಮ್ ಅಂತ ಹೆಸರು. ಮೊದಲ ಸಲ ಓದಿದಾಗ ಬಹಳ ಹೊತ್ತು ಚಿತ್ರ ಬರೆದುಕೊಂಡು ಕೂತಿದ್ದೆ.

ವೇಗವೂ ಬೇರೆ. ಸ್ಪರ್ಶದ ದಪ್ಪ ನರತಂತುಗಳಲ್ಲಿ ಸುದ್ದಿ ಸೆಕೆಂಡಿಗೆ 35ರಿಂದ 75 ಮೀಟರ್ ಹೋಗುತ್ತದೆ. ಉರಿಯಂಥ ನೋವನ್ನು ಒಯ್ಯುವ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 2 ಮೀಟರ್. ಹೊಸ್ತಿಲಿಗೆ ಕಾಲು ಎಡವಿದಾಗ ತಾಗಿದ್ದು ಮೊದಲು ಗೊತ್ತಾಗಿ, ಉರಿ ತಡವಾಗಿ ಏರುವುದು ಇದರಿಂದಲೇ.

ಎಲ್ಲವೂ ಥಾಲಮಸ್ ಅನ್ನುವ, ಮೆದುಳಿನ ನಡುವಿನ ಜಂಕ್ಷನ್ ಮೂಲಕ ಹಾದು ಮೆದುಳಿನ ಮೇಲ್ಪದರದ ಒಂದು ಪಟ್ಟಿಗೆ ಬರುತ್ತವೆ. ಎಡ ಅರ್ಧದಲ್ಲಿ ಒಂದು, ಬಲ ಅರ್ಧದಲ್ಲಿ ಒಂದು. ಮಾಂಟ್ರಿಯಲ್‌ನ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಎಡ್ವಿನ್ ಬೋಲ್ಡ್ರೆ 1937ರಲ್ಲಿ ಇದರ ನಕ್ಷೆ ಪ್ರಕಟಿಸಿದರು. ರೋಗಿ ಎಚ್ಚರವಾಗಿಯೇ ಇರುತ್ತಿದ್ದರು. ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್. ಆ ಪಟ್ಟಿಯ ಒಂದು ಚುಕ್ಕೆಗೆ ಸಣ್ಣ ಕರೆಂಟ್ ಕೊಟ್ಟರೆ, ಎದುರು ಕಡೆಯ ಹೆಬ್ಬೆರಳು ಜುಮ್ಮೆಂದಿತು ಅನ್ನುತ್ತಿದ್ದರು. ನಕ್ಷೆಯಲ್ಲಿ ತುಟಿ, ನಾಲಿಗೆ, ಬೆರಳುಗಳಿಗೆ ದೊಡ್ಡ ಜಾಗ. ಇಡೀ ಬೆನ್ನಿಗೆ ಒಂದು ಚೂರು. ಮೈಯೆಲ್ಲದರ ಸ್ಪರ್ಶ ಅರಿಯುವ ಮೆದುಳಿಗೆ ತನ್ನನ್ನು ಮುಟ್ಟಿದರೆ ಗೊತ್ತಾಗುವುದಿಲ್ಲ, ಅದಕ್ಕೇ ಇದು ಸಾಧ್ಯವಾಯಿತು.

ಶರಾವತಿ ತೀರ:
ತುಂಬಾ ಥ್ಯಾಂಕ್ಸ್. ಗದರುವ ಮಾತು ಓದಿ ಅಪ್ಪನಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ, ಆದರೆ ರಾತ್ರಿ ಊಟಕ್ಕೆ ತಾವೇ ಅಮ್ಮನ ಎಡಗಡೆ ಕೂತರು.

ಆದರೂ ನನ್ನ ಪ್ರಶ್ನೆ ಉಳಿದಿದೆ. ಎಡಗೈಗೆ ಬಲ ಪಟ್ಟಿ, ಬಲಗೈಗೆ ಎಡ ಪಟ್ಟಿ, ಬೇರೆ ಬೇರೆ ಅಂದ ಮೇಲೆ ಒಂದರಿಂದ ಇನ್ನೊಂದಕ್ಕೆ ಅಡ್ಡಿ ಹೇಗೆ?

ಇಇಜಿ ರೂಮು:
ನಾನು ನರಗಳ ಟೆಸ್ಟ್ ಮಾಡುವ ಟೆಕ್ನಿಷಿಯನ್. ದಿನಾ ಇದನ್ನೇ ನೋಡುತ್ತೇನೆ, ಹಾಗಾಗಿ ಪರದೆಯ ಮೇಲೆ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ಎಸ್‌ಎಸ್‌ಇಪಿ ಅಂತ ಒಂದು ಟೆಸ್ಟ್. ಮಣಿಕಟ್ಟಿನ ಒಳಗಡೆ, ಮೀಡಿಯನ್ ನರದ ಮೇಲೆ ಎರಡು ಲೋಹದ ಬಿಂದುಗಳನ್ನು ಇಟ್ಟು ಸಣ್ಣ ಕರೆಂಟ್ ಕೊಡುತ್ತೇವೆ. ಹೆಬ್ಬೆರಳು ಚೂರು ಕುಣಿಯುವಷ್ಟು ಸಾಕು. ಒಂದು ಸಲದ ಸಿಗ್ನಲ್ ಗದ್ದಲದಲ್ಲಿ ಕಾಣುವುದೇ ಇಲ್ಲ. ನೂರಾರು ಸಲ ಕೊಟ್ಟು ಸರಾಸರಿ ತೆಗೆಯುತ್ತೇವೆ. ಆಗ ಅಲೆಗಳು ಏಳುತ್ತವೆ. ಕಾಲರ್‌ಬೋನ್ ಹತ್ತಿರ ಸುಮಾರು 9 ಮಿಲಿಸೆಕೆಂಡಿಗೆ ಒಂದು, ಕತ್ತಿನ ಹಿಂದೆ 13ಕ್ಕೆ ಒಂದು, ತಲೆಯ ಮೇಲೆ ಸುಮಾರು 20ಕ್ಕೆ ಒಂದು. ಆ 20ನೇ ಮಿಲಿಸೆಕೆಂಡಿನ ಅಲೆಗೆ ಎನ್20 ಅಂತ ಹೆಸರು. ಎಡಗೈಗೆ ಕೊಟ್ಟರೆ ಅದು ಬಲ ತಲೆಯ ಮೇಲೆ ಮಾತ್ರ ಏಳುತ್ತದೆ. ಎಡಗಡೆಯ ತಂತಿಯಲ್ಲಿ ಆ ಗಳಿಗೆಯಲ್ಲಿ ಆ ಅಲೆ ಇಲ್ಲ.

ಸ್ಕೂಲಿನ ಪಾಠ ಇಲ್ಲಿಗೆ ನಿಲ್ಲುತ್ತದೆ. ನಿಜವಾದ ಕಥೆ ಇನ್ನೂ ಶುರುವೇ ಆಗಿರುವುದಿಲ್ಲ. ಆ ಪಟ್ಟಿಯ ಕೆಳಗೆ, ಕಿವಿಯ ಮೇಲ್ಗಡೆಯ ಆಳದ ಮಡಿಕೆಯಲ್ಲಿ, ಸ್ಪರ್ಶದ ಎರಡನೇ ಕೇಂದ್ರ ಇದೆ. ಒಂದೇ ಕೈ ಮುಟ್ಟಿದರೂ ಈ ಎರಡನೇ ಕೇಂದ್ರ ಎಡ, ಬಲ ಎರಡೂ ಅರ್ಧಗಳಲ್ಲಿ ಎಚ್ಚರವಾಗುತ್ತದೆ. ಎನ್20 ಆಗಿ ಇನ್ನೂ ಹತ್ತಾರು ಮಿಲಿಸೆಕೆಂಡುಗಳ ಮೇಲೆ. ಅಂದರೆ ಒಂದು ಕೈಯ ಸುದ್ದಿ ಕಣ್ಣು ಮಿಟುಕಿಸುವುದರೊಳಗೆ ಎರಡೂ ಅರ್ಧಗಳ ಕೆಲಸವಾಗಿಬಿಡುತ್ತದೆ.

ಬೆನ್ನುಮೂಳೆ ನೆಟ್ಟಗೆ ಮಾಡುವ ಆಪರೇಷನ್‌ನಲ್ಲಿ ರೋಗಿ ಮಲಗಿದ್ದಾಗಲೂ ಈ ಅಲೆಗಳನ್ನು ನೋಡುತ್ತಲೇ ಇರುತ್ತೇವೆ. ಅಲೆ ಸಣ್ಣದಾದರೆ ಸರ್ಜನ್‌ಗೆ ತಕ್ಷಣ ಹೇಳಬೇಕು. ಆ ಕೆಲಸ ನನಗೆ ತುಂಬಾ ಇಷ್ಟ.

ಬನಶಂಕರಿ ಕುತೂಹಲಿ:
ಹಾಗಾದರೆ ಆ ಮೊದಲ 20 ಮಿಲಿಸೆಕೆಂಡಿನ ಪಟ್ಟಿ? ಎಡಗೈ ಮುಟ್ಟಿದಾಗ ಎಡ ಅರ್ಧದ ಪಟ್ಟಿ ಸುಮ್ನೆ ಕೂತಿರುತ್ತದಾ?

ಎಂಆರ್‌ಐ ಮೈಸೂರು:
ಸುಮ್ನೆ ಕೂತಿರುವುದಿಲ್ಲ. ತನ್ನನ್ನು ತಗ್ಗಿಸಿಕೊಳ್ಳುತ್ತದೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಸೋಜಿಗ ಅನಿಸುವುದು ಇದೇ.

ಎಫ್‌ಎಂಆರ್‌ಐ ಅಂದರೆ ಮೆದುಳು ಕೆಲಸ ಮಾಡುವುದನ್ನು ತೋರಿಸುವ ಸ್ಕ್ಯಾನ್. ಅದರಲ್ಲಿ ನಾವು ನೋಡುವುದು ರಕ್ತದ ಆಮ್ಲಜನಕದ ಏರಿಳಿತ. ಬಲಗೈ ಬೆರಳು ಮುಟ್ಟಿದಾಗ ಎಡ ಪಟ್ಟಿಯಲ್ಲಿ ಸಿಗ್ನಲ್ ಏರುತ್ತದೆ. ಅದೇ ಹೊತ್ತಿಗೆ ಬಲ ಪಟ್ಟಿಯ ಬೆರಳಿನ ಜಾಗದಲ್ಲಿ ಸಿಗ್ನಲ್ ಮಾಮೂಲಿಗಿಂತ ಕೆಳಗೆ ಇಳಿಯುತ್ತದೆ. ಫಿನ್‌ಲೆಂಡಿನ ಹ್ಲುಶ್ಚುಕ್ ಮತ್ತು ರಿಟ್ಟಾ ಹಾರಿ 2006ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಇಳಿದರೆ ಏನಾಯಿತು, ಬರೀ ರಕ್ತದ ಲೆಕ್ಕ ಇರಬಹುದಲ್ಲ ಅಂತ ಕೇಳಬಹುದು. 2008ರಲ್ಲಿ ಜರ್ಮನಿಯ ಕಾಸ್ಟ್ರುಪ್ ಮತ್ತು ಜೊತೆಗಾರರು ಒಂದು ಮಣಿಕಟ್ಟಿನ ಮೀಡಿಯನ್ ನರಕ್ಕೆ ಕರೆಂಟ್ ಕೊಡುತ್ತಾ, ಇನ್ನೊಂದು ಕೈಯ ಬೆರಳು ಎಷ್ಟು ಸಣ್ಣ ಕರೆಂಟನ್ನು ಗುರುತಿಸುತ್ತದೆ ಅಂತ ಅಳೆದರು. ಆ ಇನ್ನೊಂದು ಬೆರಳು ನಿಜಕ್ಕೂ ಸ್ವಲ್ಪ ಮಂದವಾಗಿತ್ತು. ಆರೋಗ್ಯವಂತರಲ್ಲೇ!

ಅಂದರೆ ನಮ್ಮೆಲ್ಲರ ಮೆದುಳಿನಲ್ಲೂ ಒಂದು ಕೈ ಮುಟ್ಟಿಸಿಕೊಂಡಾಗ ಇನ್ನೊಂದು ಕೈಯ ಧ್ವನಿ ಚೂರು ತಗ್ಗುತ್ತದೆ. ಎರಡೂ ಅರ್ಧಗಳ ನಡುವೆ ಕಾರ್ಪಸ್ ಕಲೋಸಮ್ ಅನ್ನುವ ಸೇತುವೆ ಇದೆ, ಸುಮಾರು 20 ಕೋಟಿ ನರತಂತುಗಳು. ಒಬ್ಬರನ್ನೊಬ್ಬರು ಹೀಗೆ ತಗ್ಗಿಸುವುದಕ್ಕೂ ಅದೇ ದಾರಿ.

ಎರಡೂ ಅರ್ಧ ಗಟ್ಟಿಯಾಗಿದ್ದಾಗ ಇದು ಸಮ ತೂಗುವ ತಕ್ಕಡಿ. ನಿಮ್ಮ ಅಮ್ಮನ ಬಲ ಅರ್ಧ ಈಗ ದುರ್ಬಲ. ಎಡಗೈ ಒಂಟಿಯಾಗಿ ಬಂದಾಗ ಆ ಸುದ್ದಿಗೆ ಪೈಪೋಟಿ ಇಲ್ಲ, ಗೊತ್ತಾಗುತ್ತದೆ. ಬಲಗೈಯೂ ಜೊತೆಗೆ ಬಂದರೆ ಗಟ್ಟಿಯಾದ ಎಡ ಅರ್ಧ ಮೇಲುಗೈ ಆಗುತ್ತದೆ. ಮಾರ್ಸೆಲ್ ಕಿನ್ಸ್‌ಬೋರ್ನ್ ಅನ್ನುವ ನರವಿಜ್ಞಾನಿ ಈ ಪೈಪೋಟಿಯ ವಿವರಣೆಯನ್ನು ಬಹಳ ಹಿಂದೆಯೇ ಕೊಟ್ಟಿದ್ದರು. 1999ರಲ್ಲಿ ಇಟಲಿಯ ಒಲಿವೇರಿ ಮತ್ತು ತಂಡ ಇದಕ್ಕೆ ಬಲವಾದ ಸಾಕ್ಷಿ ಕೊಟ್ಟಿತು. ಬಲ ಮೆದುಳಿಗೆ ಪೆಟ್ಟಾದ ರೋಗಿಗಳ ಚೆನ್ನಾಗಿರುವ ಎಡ ಅರ್ಧದ ಮುಂಭಾಗವನ್ನು ಕಾಂತದ ಮಿಡಿತದಿಂದ ಕ್ಷಣಕಾಲ ತಡೆದರು. ಎರಡೂ ಕೈ ಮುಟ್ಟಿದಾಗ ಎಡಗೈ ತಪ್ಪಿಹೋಗುವುದು ಕಡಿಮೆಯಾಯಿತು. ಪೆಟ್ಟಾದ ಕಡೆ ಏನೂ ಮಾಡಿರಲಿಲ್ಲ, ಗಮನಿಸಿ.

ಜಯನಗರ 4ನೇ ಬ್ಲಾಕ್:
ಎಡ ಮೆದುಳು ಲೆಕ್ಕಕ್ಕೆ, ಬಲ ಮೆದುಳು ಕಲೆಗೆ ಅಂತಾರಲ್ಲ. ನಮ್ಮ ಏರಿಯಾದಲ್ಲಿ ಮಕ್ಕಳಿಗೆ ಮಿಡ್‌ಬ್ರೈನ್ ಆಕ್ಟಿವೇಷನ್ ಕ್ಲಾಸ್ ನಡೆಯುತ್ತದೆ. ಎರಡೂ ಮೆದುಳು ಜೋಡಿಸಿ, ಕಣ್ಣಿಗೆ ಪಟ್ಟಿ ಕಟ್ಟಿದರೂ ಬೆರಳಿನಿಂದ ಬಣ್ಣ ಹೇಳಿಸುತ್ತಾರೆ. ಅಮ್ಮನಿಗೆ ಅಂಥದ್ದು ಏನಾದರೂ ಉಪಯೋಗ ಆಗಬಹುದಾ?

ಮೂರನೇ ವರ್ಷ ಎಂಬಿಬಿಎಸ್:
ಆಗುವುದಿಲ್ಲ ಸರ್, ದಯವಿಟ್ಟು ದುಡ್ಡು ಹಾಕಬೇಡಿ. ಚರ್ಮದಲ್ಲಿ ಒತ್ತಡ, ಕಂಪನ, ಬಿಸಿ, ನೋವು ಅರಿಯುವ ನರತುದಿಗಳಿವೆ. ಪುಟದ ಮೇಲಿನ ಬಣ್ಣ ಓದುವ ವ್ಯವಸ್ಥೆ ಬೆರಳಿನಲ್ಲಿ ಇಲ್ಲ. ಮಕ್ಕಳು ನೋಡುವುದು ಮೂಗಿನ ಪಕ್ಕದ ಸಂದಿಯಿಂದ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಊರೂರು ಸುತ್ತಿ ಹೇಳಿದ್ದಾರೆ. ಪುಟ್ಟ ಮಕ್ಕಳಿಗೆ ಸುಳ್ಳು ಹೇಳುವುದನ್ನು ಕಲಿಸುತ್ತಾರಲ್ಲ, ಅದು ನನಗೆ ಸಹಿಸಲಾಗುವುದಿಲ್ಲ.

ಎರಡೂ ಅರ್ಧ ನಿಜವಾಗಿ ಬೇರೆಯಾದರೆ ಏನಾಗುತ್ತದೆ ಅಂತ ರೋಜರ್ ಸ್ಪೆರ್ರಿ ಮತ್ತು ಮೈಕೆಲ್ ಗಜ್ಜಾನಿಗಾ ತೋರಿಸಿದ್ದಾರೆ. ತೀವ್ರ ಮೂರ್ಛೆರೋಗಕ್ಕೆ ಸೇತುವೆ ಕತ್ತರಿಸಿದ ರೋಗಿಗಳು. ಕಣ್ಣಿಗೆ ಕಾಣದಂತೆ ಎಡಗೈಗೆ ಒಂದು ವಸ್ತು ಕೊಟ್ಟರೆ ಅದರ ಹೆಸರು ಹೇಳಲು ಬರುತ್ತಿರಲಿಲ್ಲ. ಸ್ಪರ್ಶ ಬಲ ಅರ್ಧಕ್ಕೆ ಹೋಯಿತು, ಮಾತು ಎಡ ಅರ್ಧದಲ್ಲಿ ಉಳಿಯಿತು. ಆದರೆ ಅದೇ ಎಡಗೈ ಹತ್ತಾರು ವಸ್ತುಗಳ ನಡುವೆ ತಡಕಾಡಿ ಆ ವಸ್ತುವನ್ನೇ ಎತ್ತುತ್ತಿತ್ತು. ಸ್ಪೆರ್ರಿಗೆ 1981ರಲ್ಲಿ ನೊಬೆಲ್ ಬಂತು. "ಲೆಕ್ಕದ ಮೆದುಳು, ಕಲೆಯ ಮೆದುಳು" ಅನ್ನುವುದು ಆ ಕೆಲಸವನ್ನು ಎಳೆದಾಡಿ ಮಾಡಿದ್ದು.

ಸಂಜೆ ವೀಣೆ:
ನಾನು ವೀಣೆ ಕಲಿಸುತ್ತೇನೆ. ಎಡಗೈ ಬೆರಳುಗಳು ಮೆಟ್ಟಿಲುಗಳ ಮೇಲೆ ತಂತಿ ಒತ್ತಿ ಎಳೆಯುತ್ತವೆ, ಗಮಕ ಬರುವುದು ಅಲ್ಲೇ. ಎಡ ತೋರುಬೆರಳ ತುದಿ ನನಗೆ ಬಲಗೈಗಿಂತ ಚುರುಕು ಅಂತ ಯಾವಾಗಲೂ ಅನಿಸುತ್ತದೆ. ಇದಕ್ಕೂ ಮೆದುಳಿಗೂ ಸಂಬಂಧ ಇದೆಯಾ?

ಎಂಆರ್‌ಐ ಮೈಸೂರು:
ಇದೆ ಮೇಡಂ. 1995ರಲ್ಲಿ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ವಯಲಿನ್, ಚೆಲ್ಲೋ, ಗಿಟಾರ್ ನುಡಿಸುವವರನ್ನು ಪರೀಕ್ಷಿಸಿದರು. ಅವರ ಬಲ ಅರ್ಧದಲ್ಲಿ ಎಡಗೈ ಬೆರಳುಗಳ ಜಾಗ ಬೇರೆಯವರಿಗಿಂತ ದೊಡ್ಡದಾಗಿತ್ತು, ಅದರಲ್ಲೂ ಚಿಕ್ಕಂದಿನಲ್ಲೇ ಕಲಿತವರಲ್ಲಿ. ಬಿಲ್ಲು ಹಿಡಿಯುವ ಬಲಗೈಯ ಜಾಗದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಅದು ವೀಣೆಯವರ ಮೇಲೆ ಮಾಡಿದ ಪರೀಕ್ಷೆಯಲ್ಲ, ಆದರೆ ಬೆರಳು ಮಾಡುವ ಕೆಲಸ ಅದೇ ತೆರನಾದದ್ದು.

ಹುಬ್ಬಳ್ಳಿ ಫಿಸಿಯೋ:
ಶರಾವತಿ ಮೇಡಂ, ಒಂದು ಪರೀಕ್ಷೆ ಹೇಳುತ್ತೇನೆ. ನೋವಿಲ್ಲ, ಅಪಾಯವಿಲ್ಲ. ಅಮ್ಮ ಮೇಜಿನ ಮುಂದೆ ಕೂರಲಿ. ಎರಡೂ ಕೈಗಳನ್ನು ಅಡ್ಡ ಹಾಕಿ ಇಡಿ. ಎಡಗೈ ಮೈಯ ಬಲಗಡೆಗೆ ಬರಬೇಕು, ಬಲಗೈ ಎಡಗಡೆಗೆ. ಕಣ್ಣು ಮುಚ್ಚಿಸಿ, ಎರಡನ್ನೂ ಒಟ್ಟಿಗೆ ಮುಟ್ಟಿ. ಏನಾಗುತ್ತದೆ ಬರೆಯಿರಿ.

ಶರಾವತಿ ತೀರ:
ಈಗಷ್ಟೇ ಮಾಡಿದೆ. ಕೈ ನೇರವಾಗಿದ್ದಾಗ ಎಂದಿನಂತೆ "ಬಲಗೈ" ಅಂದರು. ಅಡ್ಡ ಹಾಕಿದಾಗ ಸ್ವಲ್ಪ ತಡೆದು "ಎರಡೂ" ಅಂದರು! ಪ್ರತಿ ಸಲವೂ ಅಲ್ಲ, ಆದರೆ ಎಷ್ಟೋ ಸಲ. ಅಪ್ಪನೂ ನೋಡಿದರು. ನರ ಅದೇ, ಕೈ ಅದೇ. ಇದು ಹೇಗೆ?

ಹುಬ್ಬಳ್ಳಿ ಫಿಸಿಯೋ:
ಇಟಲಿಯ ಸ್ಮಾನಿಯಾ ಮತ್ತು ಅಲ್ಯೋಟಿ 1995ರಲ್ಲಿ ಇಂಥದ್ದನ್ನೇ ವರದಿ ಮಾಡಿದ್ದರು. ಬಲ ಮೆದುಳಿಗೆ ಪೆಟ್ಟಾದವರಲ್ಲಿ ಎಡಗೈಯನ್ನು ಬಲಗಡೆಗೆ ತಂದಾಗ ಸ್ಪರ್ಶ ಹೆಚ್ಚು ಗೊತ್ತಾಗುತ್ತಿತ್ತು. ಅಂದರೆ ಅಮ್ಮನ ಮೆದುಳಿನಿಂದ ತಪ್ಪಿಹೋಗುತ್ತಿರುವುದು ಎಡಗೈ ಮಾತ್ರ ಅಲ್ಲ, "ಎಡಗಡೆ" ಅನ್ನುವ ಜಾಗವೇ. ಮೊದಲ ಪಟ್ಟಿಗೆ ಕೈ ಎಲ್ಲಿದ್ದರೂ ಅದು ಎಡಗೈಯೇ. ಆಮೇಲಿನ ಹಂತಗಳಲ್ಲಿ ಮೆದುಳು ಆ ಸ್ಪರ್ಶವನ್ನು ಸುತ್ತಲಿನ ಜಾಗದಲ್ಲಿ ಗುರುತು ಹಾಕುತ್ತದೆ. ಆ ಗುರುತು ಎಡಗಡೆ ಬಿದ್ದರೆ ಕಳೆದುಹೋಗುತ್ತದೆ.

ಬಲ ಮೆದುಳಿಗೆ ಪೆಟ್ಟಾದಾಗಲೇ ಇದು ಜಾಸ್ತಿ ಯಾಕೆ ಅಂತ ಕೇಳಿದರೆ, ಹೆಚ್ಚಿನವರು ಒಪ್ಪುವ ವಿವರಣೆ ಹೀಗಿದೆ. ಬಲ ಅರ್ಧ ಎಡ ಬಲ ಎರಡೂ ಕಡೆ ಗಮನ ಇಡುತ್ತದೆ. ಎಡ ಅರ್ಧ ಮುಖ್ಯವಾಗಿ ಬಲಗಡೆಗೆ ಮಾತ್ರ. ಎಡ ಅರ್ಧ ಹೋದರೆ ಬಲ ಅರ್ಧ ಎರಡೂ ಕಡೆ ಸಂಭಾಳಿಸುತ್ತದೆ. ಬಲ ಅರ್ಧ ಹೋದರೆ ಎಡಗಡೆ ನೋಡುವವರು ಯಾರೂ ಇಲ್ಲ.

ಎಡ ಕಿವಿಗೆ ತಣ್ಣೀರು ಬಿಟ್ಟರೆ ನೆಗ್ಲೆಕ್ಟ್ ಸ್ವಲ್ಪ ಹೊತ್ತು ಕಡಿಮೆಯಾಗುವುದನ್ನು ಡಾಕ್ಟರ್‌ಗಳು 1980ರ ದಶಕದಲ್ಲೇ ನೋಡಿದ್ದಾರೆ. ಕತ್ತಿನ ಎಡಗಡೆ ಚರ್ಮದ ಮೇಲೆ ಸಣ್ಣ ಕರೆಂಟ್ ಕೊಟ್ಟೂ ನೋಡಿದ್ದಾರೆ. ಮನೆಯಲ್ಲಿ ಇದ್ಯಾವುದನ್ನೂ ಮಾಡಬೇಡಿ. ಕಿವಿಯ ತಮಟೆಗೆ ಪೆಟ್ಟಾಗಬಹುದು, ತಲೆಸುತ್ತಿ ಬೀಳಬಹುದು. ಪರಿಣಾಮ ಉಳಿಯುವುದೂ ಸ್ವಲ್ಪ ಹೊತ್ತು ಮಾತ್ರ.

ಮನೆಯಲ್ಲಿ ಮಾಡಬಹುದಾದದ್ದು ಬೇರೆ. ಎಡಗೈಯನ್ನು ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಡಿಸಿ. ಬಟ್ಟೆ ಮಡಿಸುವಾಗ, ಹೂ ಕಟ್ಟುವಾಗ ಎರಡೂ ಕೈ ಬಳಸಲಿ. ಎಲೆಯ ಎಡ ಅಂಚಿಗೆ ಬಣ್ಣದ ದಾರ ಇಟ್ಟು "ದಾರ ಸಿಗುವವರೆಗೆ ನೋಡಮ್ಮ" ಅನ್ನಿ. ಸುಸ್ತಾದರೆ ನಿಲ್ಲಿಸಿ. ಸುಸ್ತಾದಾಗ ಎಡಗಡೆ ಇನ್ನೂ ಜಾಸ್ತಿ ತಪ್ಪುತ್ತದೆ.

ಕೋಲಾರ ತಮ್ಮ:
ವಿಷಯ ಚೂರು ಬೇರೆ. ಅಣ್ಣನ ಮೂರ್ಛೆರೋಗಕ್ಕೆ ಕತ್ತಿನಲ್ಲಿ ವೇಗಸ್ ನರಕ್ಕೆ ಯಂತ್ರ ಕೂರಿಸೋಣ ಅಂದಿದ್ದಾರೆ. ಎಡಗಡೆಗೇ ಹಾಕುತ್ತಾರಂತೆ. ಎಡಗಡೆ ಕರೆಂಟ್ ಕೊಟ್ಟರೆ ಒಂದು ಅರ್ಧಕ್ಕೆ ಮಾತ್ರ ಉಪಯೋಗವಾ?

ಇಇಜಿ ರೂಮು:
ಇಲ್ಲ ಬ್ರದರ್. ಎಡಗಡೆ ಆರಿಸುವುದು ಮೆದುಳಿಗಾಗಿ ಅಲ್ಲ, ಹೃದಯಕ್ಕಾಗಿ. ಹೃದಯದ ಬಡಿತ ಶುರುವಾಗುವ ಜಾಗಕ್ಕೆ ಬಲ ವೇಗಸ್ ನರದ ನಂಟು ಹೆಚ್ಚು. ಎಡಗಡೆ ಕೊಟ್ಟರೆ ಬಡಿತ ನಿಧಾನವಾಗುವ ಭಯ ಕಡಿಮೆ. ಆ ನರದ ಸುದ್ದಿ ಮೊದಲು ಮೆಡುಲಾಗೆ ಹೋಗಿ, ಅಲ್ಲಿಂದ ಎರಡೂ ಅರ್ಧಗಳಿಗೆ ಹರಡುತ್ತದೆ. ಅಮೆರಿಕದಲ್ಲಿ 1997ರಲ್ಲೇ ಮೂರ್ಛೆಗೆ ಇದಕ್ಕೆ ಅನುಮತಿ ಸಿಕ್ಕಿದೆ. ಮಾತ್ರೆ ನಿಲ್ಲಿಸುವುದಲ್ಲ, ಮಾತ್ರೆಯ ಜೊತೆಗೆ ಇದು. ಧ್ವನಿ ಸ್ವಲ್ಪ ಗೊಗ್ಗರಾಗಬಹುದು, ಅದನ್ನು ಮೊದಲೇ ಕೇಳಿಕೊಳ್ಳಿ.

ತುಂಗಾ ದಂಡೆ:
ನಮ್ಮ ಮಾವನಿಗೆ ಎಡ ಮೆದುಳಿನಲ್ಲಿ ಸ್ಟ್ರೋಕ್, ಬಲಗೈ ಬಿದ್ದಿದೆ. ಮೇಲಿನದನ್ನೆಲ್ಲ ಓದಿ ಎರಡೂ ಕೈ ಮುಟ್ಟುವ ಪರೀಕ್ಷೆ ಮಾಡಿದೆ. ಅವರು ಏನು ಹೇಳುತ್ತಾರೋ ನನಗೆ ಅರ್ಥವೇ ಆಗುತ್ತಿಲ್ಲ.

ಹುಬ್ಬಳ್ಳಿ ಫಿಸಿಯೋ:
ಎಡ ಮೆದುಳಿಗೆ ಪೆಟ್ಟಾದರೂ ಎಕ್ಸ್‌ಟಿಂಕ್ಷನ್ ಬರಬಹುದು. ಕಡಿಮೆ, ಮತ್ತು ಹೆಚ್ಚಿನವರಲ್ಲಿ ಬೇಗ ಹೋಗುತ್ತದೆ. ಮಾವನವರಿಗೆ ಮಾತೇ ತೊಡಕಾಗಿದ್ದರೆ "ಎಡ, ಬಲ" ಅಂತ ಹೇಳಿಸಬೇಡಿ. ಮುಟ್ಟಿದ ಕೈಯನ್ನು ಅವರು ಎಡಗೈಯಿಂದ ತೋರಿಸಲಿ, ಎರಡೂ ಅನಿಸಿದರೆ ತಲೆ ಆಡಿಸಲಿ. ಮೊದಲು ಕಣ್ಣು ತೆರೆದೇ ಒಮ್ಮೆ ಮಾಡಿ ತೋರಿಸಿ, ಆಮೇಲೆ ಮುಚ್ಚಿಸಿ. ಬಲಗೈ ಒಂಟಿಯಾಗಿ ಮುಟ್ಟಿದಾಗಲೇ ಗೊತ್ತಾಗದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ, ಅದು ದಾರಿಯದೇ ತೊಂದರೆ. ಸ್ಪೀಚ್ ಥೆರಪಿಸ್ಟ್ ಹತ್ತಿರ ಈ ತಿಂಗಳೇ ಹೋಗಿ, ಮುಂದಕ್ಕೆ ಹಾಕಬೇಡಿ.